ಅಲ್ತಾನಿ ಅತ್ತೆ ಮಾಫಿ ಮಾಡಲಿಲ್ಲ

ನನ್ನ ಅತ್ತೆ ಅಲ್ತಾನಿ ನಗುನಗುತ್ತಲೇ ಎಂಥವರ ಕೈಯಲ್ಲೂ ಕೆಲಸ ತೆಗೆಯುತ್ತಿದ್ದರು. ಕುರಿ ಕಾದು, ಕುದುರೆ ಹಾಲು ಕರೆದು, ಗಂಡ ಸತ್ತಮೇಲೆ ಒಬ್ಬರೇ ಮಗನನ್ನು ಬೆಳೆಸಿದವರು. ನಂಬಿದ್ದು ಮೇಲಿನ ನೀಲಿ ಆಕಾಶವನ್ನು. ಆದರೂ ಮಂಗೋಲರ ರಾಜಧಾನಿಯಾದ ನಮ್ಮ ಖಾರಾಕೋರಂನಲ್ಲಿ ಅವರ ಮೊಸರು ಹೋಗದ ಗುಡಿ, ಮಸೀದಿ ಇರಲಿಲ್ಲ.

ನನ್ನ ಮದುವೆಗೆ ನಾಲ್ಕೇ ದಿನ. ಹೊಸ ಗುಡಾರಕ್ಕೆ ಹೊದಿಸುವ ಕಂಬಳಿಯೇ ಆಗಿರಲಿಲ್ಲ. ಗುಡಾರವಿಲ್ಲದೆ ಮದುವೆಯಿಲ್ಲ, ಮದುವೆಯಾಗದೆ ಅವರ ಮಗ ತೋಲುನ್ ದಂಡಿಗೆ ಹೊರಟರೆ ನಾನು ಇನ್ನೆರಡು ವರ್ಷ ಕಾಯಬೇಕು. ಅಷ್ಟರಲ್ಲಿ ಖಾನ್ ಬೇಟೆಗೆಂದು ಊರಿನ ಗಂಡಸರನ್ನೂ ಕುದುರೆಗಳನ್ನೂ ಬಳಿದುಕೊಂಡು ಹೋದ. ನೆನೆಸಿ ಸುತ್ತಿಟ್ಟ ಉಣ್ಣೆಯನ್ನು ಅದು ಒತ್ತಿ ಕಂಬಳಿಯಾಗುವವರೆಗೆ ದಿನವಿಡೀ ಉರುಳಿಸುವವರು ಯಾರು? ನನಗೆ ಅಳುವೇ ಬಂತು.

ಊರಲ್ಲಿ ಉಳಿದ ಗಟ್ಟಿ ತೋಳುಗಳೆಂದರೆ ಧರ್ಮಗುರುಗಳದ್ದು. ಯಾವ ಧರ್ಮದವರಾದರೂ ಸರಿ, ಅವರಿಗೆ ತೆರಿಗೆಯಿಲ್ಲ, ಬಿಟ್ಟಿ ಚಾಕರಿಯಿಲ್ಲ. ಖಾನನಿಗೆ ಒಳ್ಳೆಯದಾಗಲೆಂದು ಬೇಡಿಕೊಂಡರೆ ಸಾಕು. ಅತ್ತೆ ಹೋಗಿ ಮೂವರನ್ನು ಎಳೆದುತಂದರು: ಮಸೀದಿಯ ಬುರ್ಹಾನ್, ಶಿಲುಬೆಯ ಪಾದ್ರಿ ಶ್ಲೀಮೋನ್, ಬುದ್ಧನ ಗುಡಿಯ ಭಿಕ್ಷು ಸಾಂಗ್ಯೆ.

"ಅಮ್ಮಾ, ಖಾನರೇ ನಮಗೆ ಚಾಕರಿ ಮಾಫಿ ಮಾಡಿದ್ದಾರೆ," ಎಂದು ಶ್ಲೀಮೋನ್ ಗೊಣಗಿದರು.

"ಖಾನ್ ಮಾಡಿರಬೋದು ಕಣಪ್ಪಾ, ನಾನು ಮಾಡಿಲ್ಲ. ತೋಳು ಮಡಚು!"

ಮೂವರೂ ಸಾಲಾಗಿ ಮಂಡಿಯೂರಿ ಉರುಳಿಸತೊಡಗಿದರು. ಲಯಕ್ಕಿರಲೆಂದು ಅವರವರ ಪ್ರಾರ್ಥನೆ ಅವರವರು ಹೇಳಿಕೊಂಡರು. ಬುರ್ಹಾನರದು ಬೇಗ, ಸಾಂಗ್ಯೆಯದು ನಿಧಾನ, ಶ್ಲೀಮೋನರದು ಎಳೆದೆಳೆದು. ಸ್ವಲ್ಪ ಹೊತ್ತಿನಲ್ಲೇ ಸುರುಳಿ ಸೊಟ್ಟಗಾಯಿತು.

"ಅಯ್ಯೋ, ನಿಮ್ಮ ದೇವ್ರುಗಳನ್ನ ಒಂಚೂರು ಕೂರಿಸ್ರಪ್ಪಾ! ನಾನು ಕುದುರೆ ಹಾಲು ಕರೆಯೋ ಹಾಡು ಹೇಳ್ತೀನಿ, ಅದಕ್ಕೆ ತಳ್ಳಿ. ಕಂಬಳಿ ಆದ್ಮೇಲೆ ಎಷ್ಟು ಬೇಕೋ ಕೂಗಿ."

ಸಂಜೆಯ ಹೊತ್ತಿಗೆ ಮೂವರೂ ಕುದುರೆಯ ಹಾಡನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದರು.

ಮದುವೆಯ ದಿನ ನಾನು ಹೊಸ ಗುಡಾರದ ಹೊಸ್ತಿಲು ತುಳಿಯದೆ ಒಳಗೆ ಕಾಲಿಟ್ಟದ್ದೇ ತಡ, ಮಳೆ ಸುರಿಯಿತು. ಎಲ್ಲರೂ ಒಳಗೆ ಒತ್ತಿಕೊಂಡು ಕೂತರು. ಹುಳಿ ಬಂದು ಅಮಲೇರಿಸುವ ಕುದುರೆ ಹಾಲು ಕುಡಿಯದ ಬುರ್ಹಾನರಿಗೆಂದು ಅತ್ತೆ ಬೇರೆಯಾಗಿ ಕುರಿ ಹಾಲು ಕಾಯಿಸಿಟ್ಟಿದ್ದರು. ಆಗ ಒಂದು ಹನಿ ಶ್ಲೀಮೋನರ ತಲೆಯ ಮೇಲೆ ಟಪ್ಪೆಂದು ಬಿತ್ತು.

"ಇದು ಸಾಂಗ್ಯೆ ನಿಧಾನ ಮಾಡಿದ ಜಾಗ," ಎಂದು ಅವರು ತಲೆ ಒರೆಸಿಕೊಂಡರು.

"ಅಲ್ಲ ಸ್ವಾಮಿ, ನೀವು ರಾಗ ಎಳೆದ ಜಾಗ!" ಎಂದರು ಸಾಂಗ್ಯೆ.

ಅತ್ತೆ ಹನಿಯ ಕೆಳಗೆ ಬಟ್ಟಲಿಟ್ಟರು. "ಜಗಳ ಸಾಕು, ನನ್ನ ಸೊಸೇನ ಹರಸಿ. ಆದ್ರೆ ಈ ಸಲ ಒಬ್ಬೊಬ್ಬರಾಗಿ!"

ಬೇಟೆಯಿಂದ ಆ ಬೆಳಿಗ್ಗೆಯಷ್ಟೇ ಮರಳಿದ್ದ ತೋಲುನ್ ನನ್ನ ಪಕ್ಕದಲ್ಲೇ ಇದ್ದ. ಮದುಮಗಳು ನಗಬಾರದಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.