ಪ್ರಶ್ನೆ ಕೇಳದ ಕ್ಲಾಸು

ಸವಣೂರಿನ ಮುಬಶೀರನಿಗೆ ಇಂಗ್ಲಿಷ್ ಬರುತ್ತದೆಂದು ಮೊದಲು ನಂಬಿದವರು ಕೊಲಂಬಿಯಾ ದೇಶದವರು. ಊರಿನವರು ಇನ್ನೂ ನಂಬಿಲ್ಲ, ಅವನಿಗೂ ಪೂರ್ತಿ ನಂಬಿಕೆಯಿಲ್ಲ. ಬಿ.ಎ.ಯಲ್ಲಿ ಅದೇ ಇಂಗ್ಲಿಷಿಗೆ ಡುಮ್ಕಿ ಹೊಡೆದು ಮತ್ತೆ ಕಟ್ಟಿ ಪಾಸಾದವನು ಈಗ ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ, ನೀರಿನ ಟಾಕಿಗೆ ಮೊಬೈಲು ಆನಿಸಿಟ್ಟು, ಸ್ಪ್ಯಾನಿಷ್ ಮಾತಾಡುವ ಮಂದಿಗೆ ಇಂಗ್ಲಿಷಿನ ಓನಾಮ ಹೇಳಿಕೊಡುತ್ತಾನೆ. ಇಲ್ಲಿ ಬೆಳಗಾದಾಗ ಅವರಿಗಲ್ಲಿ ಸಂಜೆ. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ. ಕ್ಯಾಮೆರಾಕ್ಕೆ ಅಷ್ಟು ಸಾಕು.

ಈ ಕೆಲಸ ಅವನ ಕೈಗೆ ಹತ್ತಿದ್ದು ವಿದ್ಯೆಯಿಂದಲ್ಲ, ತಪ್ಪುಗಳ ನೆಂಟಸ್ತಿಕೆಯಿಂದ. ಅವರು ಸ್ಕೂಲಿಗೆ ಎಸ್ಕೂಲ್ ಎಂದರೆ ಇವನ ಮನೆಯಲ್ಲಿ ಅದು ಇಸ್ಕೂಲ್. ನಮ್ಮ ‘ಬರ್ತೇನಿ’ಯೊಳಗೆ ‘ನಾನು’ ಅಡಗಿ ಕೂತಂತೆ ಅವರ ಕ್ರಿಯಾಪದದ ಬಾಲದಲ್ಲೂ ಕೂತಿರುತ್ತದೆ. ಹಾಗಾಗಿ ಅವರು ‘ಐ’ ಬಿಟ್ಟು ‘ಆಮ್ ಕುಕ್’ ಎನ್ನುತ್ತಾರೆ. ವಯಸ್ಸು ಕೇಳಿದರೆ, ಹೊಲ ಇದೆ ಎಂದಂತೆ, ನನಗೆ ಇಷ್ಟು ವರ್ಷ ‘ಇದೆ’ ಎನ್ನುತ್ತಾರೆ. ಎಡವುವ ಜಾಗವೆಲ್ಲ ಮುಬಶೀರನಿಗೆ ಗೊತ್ತು, ತಾನೂ ಅಲ್ಲೇ ಬಿದ್ದು ಎದ್ದವನು.

ಆದರೆ ಇನ್ನೂ ಕೆಲಸ ಕಾಯಂ ಆಗಿರಲಿಲ್ಲ. ಆನ್‌ಲೈನ್ ಪಾಠ ನಡೆಸುವ ಕಂಪನಿಯ ನಿಯಮದಂತೆ ಅವನ ಒಬ್ಬ ವಿದ್ಯಾರ್ಥಿಯನ್ನು ಹೊರಗಿನ ಪರೀಕ್ಷಕಿ ಪರೀಕ್ಷಿಸುತ್ತಾರೆ. ವಿದ್ಯಾರ್ಥಿ ಪಾಸಾದರೆ ಮಾಸ್ತರನೂ ಪಾಸು. ಇಲ್ಲದಿದ್ದರೆ ಮರುದಿನದಿಂದ ಮಾಮಾ ಅಕ್ಬರಸಾಬರ ವೀಳ್ಯದೆಲೆ ಅಂಗಡಿಯಲ್ಲಿ ಕೂತು ಕೊಳೆತ ಎಲೆ ಆರಿಸಬೇಕು. ಮಾಮಾ ಆಗಲೇ ಕರೆದಿದ್ದರು: “ಎಲಿಗೆ ಗ್ರಾಮರ್ ಇಲ್ಲಪಾ, ಬಾ.”

ಪರೀಕ್ಷೆಗೆ ಆರಿಸಿದ್ದು ರೊಸಾಲ್ಬಾಳನ್ನು. ಆಕೆ ಹಾಸ್ಟೆಲ್ಲೊಂದರ ಅಡುಗೆಯವಳು, ಮುಬಶೀರನ ತಾಯಿಯ ವಯಸ್ಸಿನವಳು. ಕೇಳಿದ್ದಕ್ಕೆಲ್ಲ ಟಕ್ಕಂತ ಉತ್ತರ ಕೊಡುತ್ತಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ಹಿರೇಕೆರೂರಿನಿಂದ ಕೊಟ್ರೇಶನ ಫೋನು ಬಂತು. ಅದೇ ಕಂಪನಿಯಲ್ಲಿ ಮೊದಲೇ ಕಾಯಂ ಆದ ಗೆಳೆಯ ಅವನು. ಪರೀಕ್ಷೆಯಲ್ಲಿ ಅರ್ಧ ಪರೀಕ್ಷಕಿ ಕೇಳುತ್ತಾರೆ, ಇನ್ನರ್ಧ ರೊಸಾಲ್ಬಾಳೇ ಪ್ರಶ್ನೆ ಕೇಳಬೇಕು ಎಂದ. “ಆಕೀನ ಕೇಳಬೇಕಾ?” ಎಂದ ಮುಬಶೀರ.

“ಯಾಕಲೇ, ಕೇಳೂದು ಕಲಿಸಿಲ್ಲೇನು?”

“ಕ್ಲಾಸಿನ್ಯಾಗ ಪ್ರಶ್ನಿ ಕೇಳಾಂವ ಮಾಸ್ತರ ಅಲ್ಲೇನಲೇ?”

“ಅದು ನಮ್ಮ ಸಾಲ್ಯಾಗಪಾ. ಆಕಿ ಏನು ಸವಣೂರ ಸಾಲಿಗೆ ಬಂದಿದ್ಲೇನು?”

ಬಂದಂತೆಯೇ ಆಗಿತ್ತು. ಮಾಸ್ತರರಿಗೆ ಪ್ರಶ್ನೆ ಹಾಕಿದರೆ ಅದು ಎದುರುತ್ತರ, ಎದುರುತ್ತರಕ್ಕೆ ಬೆಂಚಿನ ಮೇಲೆ ನಿಲ್ಲುವುದು. ಹಾಗೆ ಕಲಿತವನು ಹಾಗೆಯೇ ಕಲಿಸಿದ್ದ. ಪ್ರಶ್ನಾರ್ಥಕ ವಾಕ್ಯದ ಪಾಠ ಬಂದಾಗಲೂ ಕೇಳಿದವನು ಅವನೇ, ಉತ್ತರಿಸಿದವಳು ಆಕೆ. ಕನ್ನಡದಲ್ಲಾದರೆ ಕೊನೆಗೊಂದು ‘ಏನು’ ಸಿಕ್ಕಿಸಿದರೆ ಪ್ರಶ್ನೆ ಆಗುತ್ತದೆ, ಸ್ಪ್ಯಾನಿಷಿನಲ್ಲಿ ದನಿ ಏರಿಸಿದರೆ ಸಾಕು. ಇಂಗ್ಲಿಷಿನಲ್ಲಿ ಮಾತ್ರ ಶಬ್ದಗಳು ಜಾಗ ಬದಲಿಸಿ ಕೂರಬೇಕು. ಅದನ್ನು ಹೇಳಿಕೊಡಲು ಈಗ ಹೊತ್ತಿರಲಿಲ್ಲ, ಪರೀಕ್ಷಕಿಯ ಮುಖ ಆಗಲೇ ಪರದೆಯ ಮೇಲೆ ಮೂಡಿತ್ತು. ಮಾಸ್ತರರು ನೋಡಬಹುದು, ಬಾಯಿ ಬಿಡುವಂತಿಲ್ಲ ಎಂದು ಅವರು ಮೊದಲೇ ತಾಕೀತು ಮಾಡಿದರು.

ಮೊದಲರ್ಧ ಸರಾಗವಾಗಿ ಮುಗಿಯಿತು. ಊರು, ಕೆಲಸ, ಮಕ್ಕಳು ಎಲ್ಲಕ್ಕೂ ರೊಸಾಲ್ಬಾ ಒಂದೂ ‘ಐ’ ಬಿಡದೆ ಉತ್ತರ ಹೇಳಿದಳು. ಆಮೇಲೆ ಪರೀಕ್ಷಕಿ, ಇನ್ನು ನೀನು ಕೇಳು ಎಂದರು.

ರೊಸಾಲ್ಬಾ ಸುಮ್ಮನೆ ಕೂತಳು, ಮುಂದಿನ ಪ್ರಶ್ನೆ ಬರಲಿ ಎಂಬಂತೆ. ಪರೀಕ್ಷಕಿ ಮತ್ತೊಮ್ಮೆ ಹೇಳಿ ಗಡಿಯಾರ ನೋಡಿದರು. ಮುಬಶೀರನ ಬೆವರು ಕಿವಿಯ ಹಿಂದಿನಿಂದ ಇಳಿದು ಇಸ್ತ್ರಿ ಕಾಲರಿಗೆ ಸೇರಿತು. ಪಕ್ಕದ ಓಣಿಯಲ್ಲಿ ಯಾರೋ ಎಲೆ ಬುಟ್ಟಿಯ ಗಾಡಿ ತಳ್ಳುತ್ತ ಹೋದರು. ಅದರ ಚಕ್ರದ ಸದ್ದೂ ಮಾಮಾನ ದನಿಯಂತೆಯೇ ಕೇಳಿತು. ಬಾಯಿ ಬಿಟ್ಟರೆ ಫೇಲು, ಬಿಡದಿದ್ದರೂ ಫೇಲು.

ರೊಸಾಲ್ಬಾ ಪರೀಕ್ಷಕಿಯನ್ನು ಬಿಟ್ಟು ಪರದೆಯ ಇನ್ನೊಂದು ಮೂಲೆಯಲ್ಲಿದ್ದ ಮುಬಶೀರನನ್ನು ದಿಟ್ಟಿಸಿದಳು.

“ಟೀಚರ್, ಆರ್ ಯು ಸಿಕ್?”

ಅವನು ಬೆಚ್ಚಿದ. ಪರೀಕ್ಷಕಿಯ ಕಡೆ ನೋಡಿದರೆ, ನಿಮ್ಮನ್ನೇ ಕೇಳಿದ್ದಾಳೆ, ಉತ್ತರ ಕೊಡಿ ಎಂದರು.

“ನೋ. ಐ ಆಮ್ ಅಫ್ರೇಡ್,” ಎಂದ.

“ವೈ ಆರ್ ಯು ಅಫ್ರೇಡ್?”

ಇಷ್ಟು ತಿಂಗಳು ತಾನು ಅವಳಿಗೆ ಎಸೆದ ಪ್ರಶ್ನೆಗಳೆಲ್ಲ ಅವಳ ಹತ್ತಿರ ಜಮಾ ಆಗಿದ್ದವೆಂದು ಅವನಿಗೆ ಆಗ ಹೊಳೆಯಿತು. ಆದರೆ ಉತ್ತರ ಕಷ್ಟದ್ದಿತ್ತು. ಸುಳ್ಳು ಹೇಳುವಷ್ಟು ಇಂಗ್ಲಿಷ್ ಅವನಲ್ಲಿರಲಿಲ್ಲ. ನೀನು ಫೇಲಾದರೆ ನನ್ನ ಕೆಲಸ ಹೋಗುತ್ತದೆ ಎಂದುಬಿಟ್ಟ.

ರೊಸಾಲ್ಬಾಳ ಮುಖ ಗಂಟಿಕ್ಕಿತು. ಹುಡುಗನಿಗೆ ಹೊಡೆದ ಮಾಸ್ತರರ ಮುಂದೆ ತಾಯಿ ಬಂದು ನಿಂತಂತೆ ಆಕೆ ಪರೀಕ್ಷಕಿಯತ್ತ ತಿರುಗಿದಳು.

“ಮೇಡಂ, ಈಸ್ ಇಟ್ ಟ್ರೂ?”

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿದರು. ನಿಜ, ಆದರೆ ಇನ್ನು ಆ ಹೆದರಿಕೆ ಬೇಕಿಲ್ಲ ಎಂದು ಇಬ್ಬರಿಗೂ ತಿಳಿಯುವಂತೆ ನಿಧಾನವಾಗಿ ಹೇಳಿ, ಪರದೆಯಿಂದ ಮರೆಯಾದರು.

ರೊಸಾಲ್ಬಾ ಮಾತ್ರ ಹೋಗಲಿಲ್ಲ. ಕೇಳುವ ರುಚಿ ಹತ್ತಿತ್ತು. ಲಗ್ನ ಆಗಿದೆಯೇ, ಯಾಕಿಲ್ಲ, ಹುಡುಗಿ ನೋಡಿದ್ದೀಯಾ, ತಾಯಿ ಏನನ್ನುತ್ತಾಳೆ ಎಂದು, ಸವಣೂರು ಬಸ್‌ಸ್ಟ್ಯಾಂಡಿನ ಹೆಂಗಸರಿಗಿಂತ ಒಂದೂ ಕಡಿಮೆಯಿಲ್ಲದಂತೆ ಕೇಳುತ್ತಲೇ ಹೋದಳು. ವ್ಯಾಕರಣದಲ್ಲಿ ತಪ್ಪು ಹುಡುಕೋಣವೆಂದರೆ ಅದೂ ಸಿಗಲಿಲ್ಲ. ಕಾಯಂ ಆದ ಮಾಸ್ತರ ಲುಂಗಿ ಸರಿಮಾಡಿಕೊಂಡು ‘ನೋ’, ‘ನಾಟ್ ಯೆಟ್’ ಎನ್ನುತ್ತ ಬಿಸಿಲೇರುವ ತನಕ ಕೂತಿದ್ದ.