ಯಾರೂ ಎಬ್ಬಿಸದ ಚೌಕ

ನಮ್ಮವರ ಮೊಣಕಾಲಿಗೆ ಹಚ್ಚಲೆಂದು ಎಳ್ಳೆಣ್ಣೆಗೆ ಓಮು ಹಾಕಿ ಕಾಸುತ್ತಿದ್ದೆ. ಓಮು ಕೆಂಪಾಗಿ, ಮೇಲೆ ಹಾಕಿದ ಕರ್ಪೂರದ ಚೂರು ಕರಗಿ, ಆ ಘಾಟು ನಾಲ್ಕಾರು ಸಂಸಾರಗಳಿರುವ ನಮ್ಮ ವಾಡೆಯ ಅಂಗಳದವರೆಗೂ ಹಬ್ಬಿತ್ತು. ಅಷ್ಟರಲ್ಲಿ ಸಣ್ಣ ಮೈದುನ ಬಂದು ಬಾಗಿಲಲ್ಲಿ ನಿಂತ. ಚಪ್ಪಲಿ ಬಿಡಲಿಲ್ಲ. "ವೈನಿ, ಕಾಕಾ ಹೋದ್ರು" ಎಂದ.

ಬಾಣಲೆ ಇಳಿಸಿದೆ. ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿದೆ. ವಾಡೆಯಲ್ಲಿ ಹೆಣವಿರುವಾಗ ಯಾರ ಮನೆಯಲ್ಲೂ ಒಲೆ ಉರಿಯಬಾರದು. ಒಲೆ ಆರಿತು, ಆ ವಾಸನೆ ಮಾತ್ರ ಹೋಗಲಿಲ್ಲ. ಎಷ್ಟೋ ವರ್ಷ ಅದು ಕಾಕಾ ಮೆಟ್ಟಿಲು ಹತ್ತಿ ಬರುವಾಗ ಅವರಿಗಿಂತ ಮುಂಚೆ ಬರುತ್ತಿದ್ದ ವಾಸನೆ. ಈ ಎಣ್ಣೆ ಕಾಸುವುದನ್ನು ನನಗೆ ಕಲಿಸಿದವರೂ ಅವರೇ.

ಕಾಕಾ ನಮಗೆ ಬಂಧುವಲ್ಲ. ಎದುರಿನ ಖೋಲಿಯವರು. ಅವರ ಹಿರಿಯರು ವಿಜಾಪುರದ ಕಡೆಯವರು, ನಮ್ಮ ಹಿರಿಯರು ಧಾರವಾಡದ ಕಡೆ. ಪುಣೆಯ ಪೇಟೆಯಲ್ಲಿ ಕನ್ನಡ ಮಾತಾಡುವ ಎರಡು ಹೊಸ್ತಿಲು ಎದುರುಬದುರು ಸಿಕ್ಕಿದ್ದೇ ಒಂದು ಪುಣ್ಯ ಎಂದು ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅಂದುಕೊಂಡಿದ್ದೆ. ಅವರಿಗೆ ಮಾರುತಿ ಗುಡಿಯ ಹತ್ತಿರ ಪೂಜಾ ಸಾಮಾನಿನ ಅಂಗಡಿ ಇತ್ತು. ಆದರೆ ಪೇಟೆಯಲ್ಲಿ ಅವರನ್ನು ಎಲ್ಲರೂ ಗುರುತಿಸುತ್ತಿದ್ದುದು ಅಂಗಡಿಯಿಂದಲ್ಲ, ಗುಡಿಯ ಹಿಂದಿನ ಮೈದಾನದಿಂದ. ಅಲ್ಲಿ ಅವರ ಖೋ-ಖೋ ಮಂಡಳಿ. ಯಾರು ಆಡಬೇಕು, ಯಾರು ಹೊರಗೆ ಕೂರಬೇಕು, ಎಲ್ಲ ಕಾಕಾ ಹೇಳಿದಂತೆ. ಮನೆಯಲ್ಲಿ ಅವರೂ ಅವರ ಒಬ್ಬನೇ ಮಗನೂ. ಹೆಂಡತಿ ಮೊದಲೇ ತೀರಿಕೊಂಡಿದ್ದರು.

ನಮ್ಮ ಮನೆಯಿಂದಲೂ ಇಬ್ಬರು ಆ ಮಂಡಳಿಯಲ್ಲಿದ್ದರು. ನಮ್ಮವರು ಕಚೇರಿಯ ಕೆಲಸ ಹೆಚ್ಚಾಗಿ ಆಟ ಬಿಟ್ಟಿದ್ದರು, ಅವರ ಜಾಗಕ್ಕೆ ದೊಡ್ಡ ಮೈದುನ ಬಂದಿದ್ದ. ಸಣ್ಣ ಮೈದುನ ಇನ್ನೂ ಶಾಲೆಯ ಹುಡುಗ, ನೀರು ಕೊಡುವವರ ಸಾಲಿನಲ್ಲಿ ಕೂತು ತನ್ನ ಸರದಿ ಕಾಯುತ್ತಿದ್ದ.

ಆಮೇಲೆ ಆ ಜ್ವರ ಬಂತು. ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಬೇರೆ ಜ್ವರಗಳು ಮುದುಕರನ್ನು, ಕೂಸುಗಳನ್ನು ಒಯ್ಯುತ್ತವೆ. ಇದು ಗಟ್ಟಿಮುಟ್ಟಾದ ಹರೆಯದವರನ್ನೇ ಆರಿಸಿಕೊಂಡಿತು. ಬೆಳಿಗ್ಗೆ ಬಾವಿಯಲ್ಲಿ ನೀರು ಸೇದಿದವರು ಮೂರನೆಯ ದಿನ ಇರುತ್ತಿರಲಿಲ್ಲ. ನಮ್ಮ ದೊಡ್ಡ ಮೈದುನ ಹೋದ. ಕಾಕಾನ ಮಗ ಹೋದ. ಮಂಡಳಿಯ ಇನ್ನೊಬ್ಬನೂ ಹೋದ. ನನ್ನ ಮಡಿಲಲ್ಲಿದ್ದ ಕೂಸನ್ನು ವಿಠ್ಠಲ ಉಳಿಸಿಕೊಟ್ಟ. ಆ ಉಪಕಾರವನ್ನು ನಾನು ಇವತ್ತಿಗೂ ದಿನಾ ನೆನೆಯುತ್ತೇನೆ. ಆದರೆ ಅತ್ತೆಯವರ ಮುಂದೆ ಅದನ್ನು ಆಡಿ ತೋರಿಸುವ ಧೈರ್ಯ ಯಾವತ್ತೂ ಬರಲಿಲ್ಲ...

ವರ್ಷ ಕಳೆಯುವುದರೊಳಗೆ ಕಾಕಾ ಮಂಡಳಿಯನ್ನು ಮತ್ತೆ ಕಟ್ಟಲು ಹೊರಟರು. ಮನೆಯಲ್ಲಿ ಕೂರಲಾರದೆ ಹೊರಟರೆಂದು ನನ್ನ ಎಣಿಕೆ. ಕಟ್ಟುವುದಾದರೂ ಯಾರಿಂದ? ಆಟ ಬಲಿತ ನಡುವಿನವರೆಲ್ಲ ಖಾಲಿಯಾಗಿದ್ದರು. ಉಳಿದವರೆಂದರೆ ಆಟ ಬಿಟ್ಟು ಸಂಸಾರ ಹಿಡಿದ ಹಿರಿಯರು, ಮೀಸೆ ಮೂಡದ ಹುಡುಗರು. ಕಾಕಾ ಹಿರಿಯರ ಮನೆಮನೆಗೆ ಹೋಗಿ ಕೈಮುಗಿದು ಕರೆತಂದರು. ನಮ್ಮವರೂ ಹೋದರು. ನಾನು ಅವರ ಹಳೆಯ ಚಡ್ಡಿಯ ಸೊಂಟ ಬಿಚ್ಚಿ, ಪಟ್ಟಿ ಕೂಡಿಸಿ ಹೊಲಿದುಕೊಟ್ಟೆ.

ಆ ಆಟ ಕಾಣದವರಿಗೆ ಒಂದು ಮಾತು ಹೇಳಬೇಕು. ಎರಡು ಕಂಬಗಳ ನಡುವೆ ಸಾಲಾಗಿ ಎಂಟು ಚೌಕ ಗೀಚಿರುತ್ತಾರೆ. ಎಂಟು ಮಂದಿ ಒಬ್ಬ ಈ ಕಡೆ, ಒಬ್ಬ ಆ ಕಡೆ ಮುಖ ಮಾಡಿ ಅವುಗಳಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂಬತ್ತನೆಯವನು ಎದುರಾಳಿಯನ್ನು ಅಟ್ಟುತ್ತಾನೆ. ಎದುರಾಳಿ ಕೈಗೆ ಸಿಗದಿದ್ದರೆ, ಕೂತವನೊಬ್ಬನ ಬೆನ್ನ ಹಿಂದೆ ಬಂದು ಮುಟ್ಟಿ "ಖೋ" ಎನ್ನುತ್ತಾನೆ. ಕೂತವನು ಎದ್ದು ಓಡಬೇಕು, ಎಬ್ಬಿಸಿದವನು ಅವನ ಚೌಕದಲ್ಲಿ ಕೂರಬೇಕು. ಇಷ್ಟೇ ಆಟ. ಆದರೆ ಆಟ ಶುರುವಾಗುವಾಗ ಯಾರು ಯಾವ ಚೌಕದಲ್ಲಿ ಕೂರುತ್ತಾರೆಂಬುದು ವರ್ಷಗಳಿಂದಲೂ ಗೊತ್ತಾಗಿಬಿಟ್ಟಿರುತ್ತದೆ. ಊಟದ ಪಂಕ್ತಿಯಲ್ಲಿ ಹಿರಿಯರ ಮಣೆಯಂತೆ.

ಸತ್ತ ಮೂವರ ಮೂರು ಚೌಕಗಳೂ ಹೀಗೆ ಪೇಟೆಗೆಲ್ಲ ಗೊತ್ತಿದ್ದವು. ಅವುಗಳಲ್ಲಿ ತಮ್ಮ ಮಕ್ಕಳು ಕೂರಕೂಡದೆಂದು ತಾಯಂದಿರು ಹಟ ಹಿಡಿದರು. ಅಕಾಲದಲ್ಲಿ ಹೋದವರ ಜಾಗ, ಅದಕ್ಕೆ ಇನ್ನೂ ಹಸಿವೆ ಇರುತ್ತದೆ ಎಂದರು. ಎಲ್ಲರಿಗಿಂತ ಮೊದಲು ಹಾಗೆ ಹೇಳಿದವರು ನಮ್ಮ ಅತ್ತೆ. ಸಣ್ಣವನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿದರು, ಉಳಿದ ತಾಯಂದಿರೂ ಹಾಗೆಯೇ ಮಾಡಿದರು. ಕಾಕಾ ಯಾರಿಗೂ ಎದುರು ಮಾತಾಡಲಿಲ್ಲ. ಆ ಮೂರು ಚೌಕಗಳಲ್ಲಿ ಹಿರಿಯರನ್ನು ಕೂರಿಸಿದರು, ಉಳಿದ ಐದರಲ್ಲಿ ಹುಡುಗರನ್ನು. ದೊಡ್ಡ ಮೈದುನನ ಚೌಕದಲ್ಲಿ ನಮ್ಮವರು ಕೂತರು.

ಅಲ್ಲೇ ತಪ್ಪಿದ್ದು. ಹಿರಿಯರನ್ನು ಎಬ್ಬಿಸಿದರೆ ತಾನು ಆ ಚೌಕದಲ್ಲಿ ಕೂರಬೇಕಲ್ಲ? ಆಣೆಗೆ ಕಟ್ಟುಬಿದ್ದ ಹುಡುಗರು ಆ ಮೂರು ಜಾಗ ಬಂದಾಗ ದಾಟಿ ಮುಂದೆ ಓಡುತ್ತಿದ್ದರು. ಹುಡುಗರು ಹುಡುಗರನ್ನೇ ಎಬ್ಬಿಸಿದರು, ಹಿರಿಯರು ಹೇಗೋ ಒಮ್ಮೆ ಎದ್ದರೆ ಹಿರಿಯರನ್ನೇ ಎಬ್ಬಿಸಿದರು. ಬೇರೆ ಮಂಡಳಿಯವರು ಮೊದಲ ಪಂದ್ಯದಲ್ಲೇ ಇದನ್ನು ಕಂಡುಕೊಂಡರು. ಹೆದರಿಕೆಯಿಲ್ಲದೆ ಆ ಮೂರು ಚೌಕಗಳ ಮಗ್ಗುಲಲ್ಲೇ ಸುತ್ತುತ್ತ ನಿಂತರು. ನೋಡುತ್ತಿದ್ದವನೊಬ್ಬ, ಇವರನ್ನು ಶ್ರಾದ್ಧದ ಪಂಕ್ತಿಗೆ ಕೂರಿಸಿದ್ದಾರೇನು, ಬಡಿಸುವವರು ಎಲ್ಲಿ, ಎಂದು ಮರಾಠಿಯಲ್ಲಿ ಕೂಗಿದನಂತೆ. ಮೈದಾನವೆಲ್ಲ ನಕ್ಕಿತಂತೆ.

ಅವತ್ತು ನಮ್ಮವರು ಊಟಕ್ಕೆ ಕೂತು ಎಲೆಯ ಮುಂದಿನ ನೀರು ಮುಟ್ಟಲಿಲ್ಲ. ಪೂರ್ತಿ ಆಟದಲ್ಲಿ ತಮ್ಮನ್ನು ಒಬ್ಬನೂ ಎಬ್ಬಿಸಲಿಲ್ಲ ಎಂದರು. ಕಾಕಾನೊಡನೆ ಮಾತು ಬಿಟ್ಟರು. ಹಾಗಾದರೆ ಬಿಟ್ಟುಬಿಡಿ, ಹುಡುಗರು ಆಡಿಕೊಳ್ಳಲಿ ಎಂದು ನಾನು ಹೇಳಿದರೆ ಅದಕ್ಕೂ ಒಪ್ಪಲಿಲ್ಲ.

"ಆ ಚೌಕ ಬಿಟ್ರ ನನ್ನ ತಮ್ಮನ್ನ ಬಿಟ್ಟಂಗ ಆಗ್ತದ" ಎಂದರು.



ಮುಂದಿನ ಪಂದ್ಯ ಹನುಮ ಜಯಂತಿಗೆ, ಹಡಪಸರದ ತೋಟಗಾರರ ಹುಡುಗರೊಡನೆ. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಕಾಕಾ ನಮ್ಮಲ್ಲಿಗೆ ಬಂದರು. ಹೊಸ್ತಿಲ ಹೊರಗೇ ಕೂತರು. ಅತ್ತೆ ಒಳಗೆ ಬತ್ತಿ ಹೊಸೆಯುತ್ತಿದ್ದರು. ನಾನು ನಡುವೆ ಬಾಗಿಲ ಮರೆಯಲ್ಲಿ.

"ವೈನಿ, ಒಂದ ಮಂಡಳಿ ಒಳಗ ಎರಡು ಮಂಡಳಿ ಆಗ್ಯಾವ" ಎಂದರು ಕಾಕಾ ಅತ್ತೆಗೆ. "ಹುಡುಗೂರು ಓಡ್ತಾವ, ಆದ್ರ ಅವಕ್ಕ ಆಟ ತಿಳಿಯೂದಿಲ್ಲ. ದೊಡ್ಡಾವ್ರಿಗೆ ಆಟ ತಿಳೀತದ, ಕಾಲು ಇಲ್ಲ. ಇಬ್ರೂ ಕೂಡಿದ್ರ ಒಬ್ಬ ಮನಷ್ಯಾ ಆಗ್ತಾನ. ಸಣ್ಣಾವನ್ನ ಆ ಚೌಕದಾಗ ಕೂಡ್ಲಿಕ್ಕೆ ಬಿಡ್ರಿ. ಅವ ಕೂತ್ರ ಉಳಿದ ತಾಯಂದ್ರೂ ಬಿಡ್ತಾರ."

"ಆಟ ಸೋತ್ರ ಯಾರೂ ಸಾಯೂದಿಲ್ರಿ" ಎಂದರು ಅತ್ತೆ. ಕೈಯಲ್ಲಿನ ಬತ್ತಿ ನಿಲ್ಲಲಿಲ್ಲ. "ಆ ಚೌಕ ಒಬ್ಬಾವನ್ನ ನುಂಗೇದ. ಇನ್ನೊಬ್ಬಾವನ್ನ ಕೇಳ್ಲಿಕ್ಕೆ ಬಂದೀರಿ. ನಿಮಗ ಇನ್ನೊಬ್ಬ ಮಗಾ ಇದ್ದಿದ್ರ ಅಲ್ಲಿ ಕೂಡ್ರಸ್ತಿದ್ರೇನು?"

ಕಾಕಾ ಅಂಗಳದ ಕಡೆ ತಿರುಗಿದರು.

"ಇದ್ದಿದ್ರ ಕೂಡ್ರಸ್ತಿದ್ದೆ, ವೈನಿ. ಇಲ್ಲಲ್ಲ."

ಕಾಕಾ ಎದ್ದು, ಒಮ್ಮೆ ಬಂದು ನೋಡಿ, ನೋಡಿದ ಮೇಲೆ ಬೇಡ ಎನ್ನಿ ಎಂದಷ್ಟೇ ಹೇಳಿ ಹೋದರು.

ಅತ್ತೆ ಬರುತ್ತಾರೆಂದು ನನಗೆ ಅನ್ನಿಸಿರಲಿಲ್ಲ. ಮಗ ಹೋದಾಗಿನಿಂದ ಅವರು ವಾಡೆಯಿಂದ ಬೀದಿಗೆ ತೆರೆಯುವ ದಿಂಡಿ ಬಾಗಿಲು ದಾಟಿರಲಿಲ್ಲ, ಮಾರುತಿ ಗುಡಿಗೆ ಕೂಡ. ಹನುಮ ಜಯಂತಿಯ ದಿನ ಸಂಜೆ ತಾವೇ ಸೆರಗು ಹೊದ್ದು ನಡೀ ಎಂದರು. ಮೈದಾನಕ್ಕೆ ಮುಖವಾಗಿದ್ದ ಒಂದು ಮನೆಯ ಮಾಳಿಗೆಯಲ್ಲಿ ಹೆಂಗಸರಿಗೆ ಜಾಗವಿತ್ತು. ವಿಧವೆಯ ಕೆಂಪು ಸೀರೆಯಲ್ಲಿ ಅತ್ತೆ ಬಂದದ್ದು ನೋಡಿ ಕೆಲವರು ಸರಿದು ಕೂತರು. ಅತ್ತೆಗೆ ಅದು ಕಾಣಿಸಲಿಲ್ಲ, ಅಥವಾ ಕಂಡರೂ ಕಾಣದಂತೆ ಇದ್ದರು.

ಅವರು ಆ ಆಟವನ್ನು ಜನ್ಮದಲ್ಲಿ ನೋಡಿದವರಲ್ಲ. ಮೂವರು ಮಕ್ಕಳೂ ಆಡಿದರು, ಅವರು ಕಂಡದ್ದು ಒಗೆಯಲು ಬಿದ್ದ ಮಣ್ಣಿನ ಬಟ್ಟೆ ಮಾತ್ರ. ಆಟ ಶುರುವಾಯಿತು. ಹಡಪಸರದ ಹುಡುಗರು ಜಿಂಕೆಯಂತೆ ಸುಳಿದರು. ನಮ್ಮ ಹುಡುಗರೂ ಓಡಿದರು. ನಮ್ಮವರು ಮೊಣಕಾಲು ಮಡಿಸಿ, ಎರಡೂ ಕೈ ನೆಲಕ್ಕೆ ತಾಗಿಸಿ, ಹಾರಲು ಸಿದ್ಧವಾದವರಂತೆ ಕೂತೇ ಇದ್ದರು. ಪ್ರತಿ ಸಲ ಹಿಂದೆ ಹೆಜ್ಜೆ ಸಪ್ಪಳವಾದಾಗ ಹಿಮ್ಮಡಿ ಎತ್ತುತ್ತಿದ್ದರು. ಹೆಜ್ಜೆ ದಾಟಿ ಹೋಗುತ್ತಿತ್ತು. ಹಿಮ್ಮಡಿ ಇಳಿಸುತ್ತಿದ್ದರು...

"ಅವನ್ನ ಯಾಕ ಯಾರೂ ಎಬ್ಬಸವಲ್ರು?" ಎಂದು ಅತ್ತೆ ಕೇಳಿದರು.

"ನೀವ ಬ್ಯಾಡ ಅಂದೀರಲ್ರಿ" ಎಂದೆ.

ಮೊದಲ ಪಾಳಿ ಮುಗಿಯಿತು. ನಮ್ಮವರು ಏಳಲು ಹೋಗಿ ನೆಲಕ್ಕೆ ಕೈಯೂರಿದರು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಅತ್ತೆ ಇರಲಿಲ್ಲ. ನಾನು ಮೆಟ್ಟಿಲಿಗೆ ಬರುವುದರೊಳಗೆ ಅವರು ಮೈದಾನದ ಅರ್ಧ ದಾಟಿದ್ದರು. ಗಂಡಸರು ಸರಿದು ದಾರಿ ಬಿಟ್ಟರು. ಅಲ್ಲಿಯ ಮಾತು ಮೆಟ್ಟಿಲಲ್ಲಿ ನಿಂತ ನನಗೂ ಕೇಳುವಂತಾಯಿತು.

ಅತ್ತೆ ಹೋಗಿ ಆ ಚೌಕದಲ್ಲಿ ಕೂತರು. ಮಗನ ಚೌಕದಲ್ಲಿ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮನೆಯಲ್ಲಿ ಕೂರುವಂತೆಯೇ. ಸಣ್ಣವನನ್ನು ಹತ್ತಿರ ಕರೆದರು.

"ನೀವು ಎಬ್ಬಸೂವಾಗ ಏನೋ ಅಂತೀರಲ್ಲ, ಅದನ್ನ ಅನ್ನು."

ಎರಡನೆಯ ಸಲ ಹೇಳಿದ ಮೇಲೆ ಅವನು ಹಿಂದಿನಿಂದ ಬಂದು, ಹೆಗಲು ಮುಟ್ಟಿ, ಯಾರಿಗೂ ಕೇಳದ ಹಾಗೆ ಅಂದ. ಅತ್ತೆ ಅವನ ಕೈ ಹಿಡಿದು ಎದ್ದರು. ಅವನು ಕೂತ. ಅವರು ಕಾಕಾನ ಕಡೆ ನೋಡದೆ, ಬಂದ ದಾರಿಯಲ್ಲೇ ಮಾಳಿಗೆಗೆ ಬಂದು ನನ್ನ ಪಕ್ಕ ಕೂತರು. ಅವರ ಮೈ ಬಿಸಿಯಾಗಿತ್ತು.

ಉಳಿದ ಆಟಕ್ಕೆ ನಿಲ್ಲದೆ ನಾನು ಅತ್ತೆಯನ್ನು ಮನೆಗೆ ಕರೆತಂದೆ, ಮುಂದಿನದನ್ನು ಆಮೇಲೆ ನಮ್ಮವರು ಬಂದು ಹೇಳಿದರು. ಮತ್ತೆ ಅಟ್ಟುವ ಸರದಿ ಬಂದಾಗ ಕಾಕಾ ಚೌಕಗಳನ್ನೆಲ್ಲ ಬದಲಿಸಿದರಂತೆ. ಒಬ್ಬ ಹಿರಿಯನ ಎರಡೂ ಮಗ್ಗುಲಿಗೆ ಹುಡುಗರು. ನಮ್ಮವರಿಗೆ ಮಾತ್ರ, ನಿನ್ನ ಕಾಲು ಇವತ್ತಿಗೆ ಸಾಕು, ಹೊರಗೆ ನಿಲ್ಲು ಎಂದರಂತೆ. ತಮ್ಮ ಮಗನ ಚೌಕದಲ್ಲಿ, ಹೊಸದಾಗಿ ಪೇಟೆಗೆ ಬಂದಿದ್ದ ಒಬ್ಬ ಹುಡುಗನನ್ನು ಕೂರಿಸಿದರು. ಅವನಿಗೆ ಅದು ಯಾರ ಜಾಗವೆಂದು ಗೊತ್ತಿರಲಿಲ್ಲ. ಕೂರಿಸಿ ಬಂದವರು ಮೈದಾನಕ್ಕೆ ಬೆನ್ನು ಮಾಡಿ ಗುಡಿಯ ಗೋಡೆ ನೋಡುತ್ತ ನಿಂತುಬಿಟ್ಟರು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ನಮ್ಮವರು ಹೋಗಿ ಅವರ ಪಕ್ಕ ನಿಂತರು. ಆಟವನ್ನೆಲ್ಲ ಮೆಲ್ಲಗೆ ಹೇಳುತ್ತ ಹೋದರು, ಯಾರು ಎಲ್ಲಿ, ಯಾರು ಸಿಕ್ಕಿದ, ಯಾರು ತಪ್ಪಿಸಿಕೊಂಡ ಎಂದು.

"ಕಾಕಾ, ನಿಮ್ಮ ಚೌಕದಾವ ಎದ್ದ" ಎಂದರಂತೆ ಒಮ್ಮೆ.

"ಓಡಿದ್ನೇನು?"

"ಓಡಿದ. ಛಲೋ ಓಡಿದ."

ಕಾಕಾ ಗೋಡೆಗೆ ಹಣೆ ಹಚ್ಚಿದರಂತೆ. ಇದನ್ನು ಹೇಳುವಾಗ ನಮ್ಮವರು ನನ್ನ ಮುಖ ನೋಡಲಿಲ್ಲ. ಹಡಪಸರದವರೇ ಗೆದ್ದರು. ಎಷ್ಟರಿಂದ ಎಂದು ಕಾಕಾ ಕೇಳಲೂ ಇಲ್ಲವಂತೆ.

ಅಲ್ಲಿಂದ ಮಂಡಳಿ ಚಿಗುರಿತು. ಇನ್ನು ಕೆಲವು ಬೇಸಿಗೆ ನಮ್ಮವರೂ ಆಡಿದರು. ಓಡುವ ಪಾಳಿಯಲ್ಲಿ ಮೂವರು ಮೂವರಾಗಿ ಇಳಿಯುವಾಗ ಕಾಕಾ ಒಬ್ಬ ಹಿರಿಯನ ಜೊತೆ ಇಬ್ಬರು ಹುಡುಗರನ್ನು ಬಿಡುತ್ತಿದ್ದರು. ಹಿರಿಯನು ಬಹಳ ಹೊತ್ತು ಉಳಿಯುತ್ತಿರಲಿಲ್ಲ, ಆದರೆ ಉಳಿದಷ್ಟು ಹೊತ್ತು ಹುಡುಗರಿಗೆ ಹೇಳಿಕೊಡುತ್ತಿದ್ದನು. ನಿಧಾನಕ್ಕೆ ಹಿರಿಯರು ಒಬ್ಬೊಬ್ಬರಾಗಿ ಹೊರಗೆ ಬಂದರು. ಯಾರೂ ಅವಮಾನವಾಯಿತೆಂದು ಹೇಳಲಿಲ್ಲ, ಅದೊಂದು ಪುಣ್ಯ. ಸಣ್ಣ ಮೈದುನ ಬೆಳೆದು ಹೆಸರು ಮಾಡಿದ. ಅವನೂ ಹೊರಗೆ ಬಂದು ಹೊಸಬರನ್ನು ಕೂರಿಸುವವನಾದ. ಅತ್ತೆ ತೀರಿಕೊಂಡರು. ಕಾಕಾ ಮುದುಕರಾಗಿ ಮೈದಾನದ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂರುವವರಾದರು...

ಈ ಎರಡನೆಯ ಯುದ್ಧದ ದಿನಗಳಲ್ಲಿ ಸಾಮಾನು ಸಿಗದೆ ಅಂಗಡಿಯನ್ನೂ ಮುಚ್ಚಿದ್ದರು. ನಿದ್ದೆಯಲ್ಲೇ ಹೋದರು, ನರಳಲಿಲ್ಲ, ಯಾರ ಕೈಯಿಂದಲೂ ನೀರು ಕೇಳುತ್ತ ಬಿದ್ದಿರಲಿಲ್ಲ. ಇದನ್ನೂ ದೇವರ ಉಪಕಾರವೆಂದೇ ಲೆಕ್ಕ ಹಿಡಿಯುತ್ತೇನೆ.

ಶಿರೂರಿನಿಂದ ಅವರ ಅಣ್ಣನ ಮಗ ಬಂದ ಮೇಲೆ ಎತ್ತಿದರು. ಮಂಡಳಿಯ ಹುಡುಗರು ಅಂಗಳದ ತುಂಬ ನಿಂತಿದ್ದರು. ಹೆಗಲು ಕೊಡಲು ತಾ ಮುಂದು ನಾ ಮುಂದು ಎನ್ನುತ್ತಿದ್ದರು. ನಮ್ಮವರು ಕೋಲು ಹಿಡಿದು ದಿಂಡಿ ಬಾಗಿಲವರೆಗೆ ಹೋಗಿ ಅಲ್ಲೇ ನಿಂತರು.

ಹೊರಡುವ ಮುಂಚೆ ಒಬ್ಬ ಹುಡುಗ ನನ್ನ ಹತ್ತಿರ ತುಳಸಿ ಎಲೆ ಕೇಳಲು ಬಂದಿದ್ದ. ಒಳ್ಳೆಯ ಹುಡುಗ, ಕಣ್ಣುಗಳು ಅತ್ತು ಕೆಂಪಾಗಿದ್ದವು. ಕಾಕಾನಿಗೆ ಮಕ್ಕಳೇ ಇರಲಿಲ್ಲವೇನು ಎಂದು ಮರಾಠಿಯಲ್ಲಿ ಕೇಳಿದ. ಅವನು ಆಡುವಾಗ ಕೂರುವುದು ಕಾಕಾನ ಮಗನ ಚೌಕದಲ್ಲೇ ಎಂದು ಮೈದುನ ಎಂದೋ ಹೇಳಿದ್ದ. ಹುಡುಗನಿಗೆ ಗೊತ್ತಿಲ್ಲ. ಗೊತ್ತಿರಬಾರದೆಂದೇ ಅಲ್ಲವೇ ಕಾಕಾ ಅಷ್ಟೆಲ್ಲ ಮಾಡಿದ್ದು... ಆದರೂ ತುಳಸಿ ಕೀಳುತ್ತ, ಒಬ್ಬ ಮಗ ಇದ್ದ ಎಂದೆ. ಹೆಸರೇನು ಎಂದ. ಹೇಳಿದೆ. ಬಹಳ ವರ್ಷಗಳ ನಂತರ ಆ ಹೆಸರು ವಾಡೆಯಲ್ಲಿ ಒಮ್ಮೆ ಕೇಳಿತು. ಅವನು ತಲೆದೂಗಿ, ತುಳಸಿ ತೆಗೆದುಕೊಂಡು ಹೋದ.

ನದಿಯಿಂದ ಗಂಡಸರು ಬರುವುದರೊಳಗೆ ಸ್ನಾನಕ್ಕೆ ನೀರು ಕಾದಿರಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಹಂಡೆ ತುಂಬಲು ಹೋದೆ.