ಕೆಲಸ ಆಗದಂತೆ ನೋಡಿಕೊಳ್ಳುವ ಕೆಲಸ

ನನ್ನ ಗಂಡ ಐದು ವರ್ಷ ಶಾಸಕರಾಗಿದ್ದರು. ಆಗ ಲಗ್ಗೆರೆಯ ನಮ್ಮ ಮನೆ ಮುಂದೆ ಬೆಳಗಾದರೆ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ಆಮೇಲೆ ಎರಡು ಸಲ ಸೋತರು. ಜನ ಹೊಸ ಶಾಸಕರ ಮನೆಯ ದಾರಿ ಹಿಡಿದರು.

ಪೀಣ್ಯದ ಕಾರ್ಖಾನೆಯ ಮಾಲೀಕರೊಬ್ಬರು ಇವರನ್ನು ಸಲಹೆಗಾರರೆಂದು ಇಟ್ಟುಕೊಂಡರು. ಸಲಹೆಯಂತೆ, ಮಣ್ಣಂತೆ! ಯಾರನ್ನು ಹಿಡಿದರೆ ಯಾವ ಫೈಲು ಎಲ್ಲಿ ಕೂರುತ್ತದೆ ಎನ್ನುವುದು ಇವರಿಗೆ ಬಾಯಿಪಾಠ. ಕೆಲಸ ಆಗಲಿ ಎಂದು ಅಧಿಕಾರಿಗಳ ಬೆನ್ನು ಹತ್ತುತ್ತಿದ್ದವರು, ಈಗ ಆಗದಿರಲಿ ಎಂದು ಹತ್ತುತ್ತಾರೆ.

ಆ ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನಿಗೆ ಹೊಳಪಿನ ಲೇಪ ಕೊಡುತ್ತಾರೆ. ತೊಳೆದ ನೀರೆಲ್ಲ ಮೋರಿಗೆ. ಕಳೆದ ಬೇಸಿಗೆಯಿಂದ ಕಾರ್ಖಾನೆಯ ಹಿಂದಿನ ಬೀದಿಯ ಬೋರ್‌ವೆಲ್‌ನಲ್ಲಿ ಹಳದಿ ನೀರು ಬರುತ್ತಿದೆ. ಕಾರ್ಖಾನೆಗೆ ಬೀಗ ಬೀಳದಂತೆ ತಡೆಯುವುದು ಇವರ ಹೊಣೆ.

"ಬಿಟ್ಬಿಡಿ ಇದನ್ನ. ಮಕ್ಕಳು ಕುಡಿಯೋ ನೀರು ಕಣ್ರೀ" ಎಂದು ಗೋಗರೆದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ.

"ಬಿಟ್ಟು ಏನ್ಮಾಡ್ಲಿ? ನನ್ ಫೋನ್ ಇನ್ನೂ ಎತ್ತುತ್ತಾರೆ. ಅದೊಂದು ಬಿಟ್ರೆ ನನ್ಹತ್ರ ಇನ್ನೇನಿದೆ ಹೇಳು?" ಎಂದರು. ನನಗೆ ಅಯ್ಯೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮೊನ್ನೆ ಬೆಳಿಗ್ಗೆ ಆ ಹಿಂದಿನ ಬೀದಿಯ ಬಾಡಿಗೆ ಕೋಣೆಯ ಹೆಂಗಸು ಮನೆಗೆ ಬಂದಳು. ರಾಯಚೂರಿನ ಕಡೆಯವಳು, ಗಾರೆ ಕೆಲಸಕ್ಕೆ ಹೋಗುವವಳು. ಸೊಂಟದ ಮೇಲಿದ್ದ ಮಗುವಿನ ಮೈ ತುಂಬ ಗುಳ್ಳೆ.

"ನೀರು ಹಾಕಿದ್ರ ಕೂಸು ಒದರ್ತೈತ್ರಿ ಸಾಹೇಬ್ರ. ಆ ಫ್ಯಾಕ್ಟ್ರಿ ನೀರು ನಿಂದರಿಸ್ರಿ. ನೀವೊಂದು ಫೋನ್ ಮಾಡಿದ್ರ ಆಗ್ತೈತಿ ಅಂತಾರ್ರಿ."

ಎಷ್ಟೋ ಕಾಲದ ಮೇಲೆ ಒಬ್ಬರು ಕೇಳಿಕೊಂಡು ಬಂದಿದ್ದರು. ಇವರ ಬೆನ್ನು ನೆಟ್ಟಗಾಯಿತು. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗೆ ಫೋನ್ ಮಾಡಿದರು. ಅವರನ್ನು ಗದರಿದ ಹಾಗೆ ಮಾಡಿ ಅವಳನ್ನು ಸಮಾಧಾನಪಡಿಸಿ ಕಳಿಸುವ ಎಣಿಕೆ ಇದ್ದಿರಬೇಕು. ಬಂದವರಿಗೆ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ಅಧಿಕಾರಿಯನ್ನು ದಬಾಯಿಸುವುದು ಇವರ ಹಳೆಯ ಚಾಳಿ. ಅಭ್ಯಾಸಬಲದಲ್ಲಿ ಸ್ಪೀಕರನ್ನೂ ಒತ್ತಿಬಿಟ್ಟರು.

"ಏನ್ರೀ, ಇಲ್ಲಿ ಜನ ಸಾಯ್ತಿದ್ರೆ ನೀವೇನ್ ಕತ್ತೆ ಕಾಯ್ತಿದೀರಾ? ಆ ಫ್ಯಾಕ್ಟ್ರಿ ಮೇಲೆ ಯಾಕ್ರೀ ಕ್ರಮ ಇಲ್ಲ?"

ಆ ಕಡೆಯ ಅಧಿಕಾರಿ ಗಲಿಬಿಲಿಯಾದರು. "ಸಾರ್, ಇನ್ನೊಂದು ತಿಂಗಳು ಅದರ ತಂಟೆಗೆ ಹೋಗ್ಬೇಡಿ ಅಂತ ನಿನ್ನೆ ನೀವೇ ತಾನೇ ಹೇಳಿದ್ದು?"

ನನಗೆ ತಲೆ ಎತ್ತಲಾಗಲಿಲ್ಲ. ಆಕೆ ಈಗ ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಅನ್ನಿಸುತ್ತಿತ್ತು. ಆದರೆ ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಹಂಗಾರ ನಿಮ್ಮ ಮಾತು ಕೇಳ್ತಾರಲ್ರಿ! ಇವತ್ತು ಬ್ಯಾರೆ ಹೇಳಿಬಿಡ್ರಿ ಸಾಹೇಬ್ರ."

"ಹಲೋ? ಏನ್ ಮಾಡ್ಲಿ ಸಾರ್?" ಎಂದು ಅಧಿಕಾರಿ ಕೇಳುತ್ತಲೇ ಇದ್ದರು.

"ಹೇಳ್ರೀ!" ಎಂದು ನಾನು ಕಿರುಚಿದೆ.

ಇವರು ಫೋನ್ ಕಟ್ ಮಾಡಿದರು. ನನ್ನ ಕಡೆ ನೋಡದೆ, "ನೆಟ್‌ವರ್ಕ್ ಸರಿಯಿಲ್ಲಮ್ಮ" ಎಂದು ಅವಳಿಗೆ ಹೇಳಿದರು.

"ಆಗ್ಲಿರಿ, ನೆಟ್‌ವರ್ಕ್ ಬರೂತನಕ ಇಲ್ಲೇ ಕುಂದ್ರತೀನಿ" ಎಂದು ಆಕೆ ಮಗುವನ್ನು ಮಡಿಲಿಗೆ ಹಾಕಿಕೊಂಡು ನಮ್ಮ ಬಾಗಿಲಲ್ಲಿ ಕುಳಿತಳು.